ನಲವತ್ತೆಂಟರಲ್ಲಿ ಸ್ಪೇನಿಗೆ ಹೊರಟಿದ್ದೇನೆ, ಸ್ಪ್ಯಾನಿಷ್ ಬರುತ್ತಾ?

ಪ್ರಶ್ನೆ: ನನಗೀಗ 48. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ಯಜಮಾನರಿಗೆ ಸ್ಪೇನಿನ ವಲೆನ್ಸಿಯಾದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ಜುಲೈಗೆ ನಾವಿಬ್ಬರು ಮತ್ತು 13 ವರ್ಷದ ಮಗಳು ಹೊರಡಬೇಕು. ಅವರ ಕಚೇರಿಯಲ್ಲಿ ಇಂಗ್ಲಿಷ್ ಸಾಕಂತೆ. ಮಗಳು ಹೇಗೋ ಕಲಿತುಬಿಡ್ತಾಳೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಬಗ್ಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಆ್ಯಪ್‌ನಲ್ಲಿ ಕಲಿಯಲು ಶುರು ಮಾಡಿದ್ದೇನೆ, ಆದರೆ ನಿನ್ನೆ ಕಲಿತ ಪದ ಇವತ್ತು ನೆನಪಿರುವುದಿಲ್ಲ. ಈ ವಯಸ್ಸಿನಲ್ಲಿ ಹೊಸ ಭಾಷೆ ಬರುತ್ತಾ? ಎಷ್ಟು ಕಾಲ ಬೇಕು? ಹೋಗುವ ಮೊದಲು ಏನು ಕಲಿಯಬೇಕು? ಅಲ್ಲಿ ಮತ್ತೆ ಪಾಠ ಹೇಳುವ ಆಸೆ ಇಟ್ಟುಕೊಳ್ಳಬಹುದೇ?

ಉತ್ತರ: ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಪತ್ರದಲ್ಲಿ ಪ್ರಶ್ನೆಗಿಂತ ಅಳುಕೇ ಜಾಸ್ತಿ ಕಾಣಿಸಿತು.

ದೊಡ್ಡವರಿಗೆ ಸ್ಪ್ಯಾನಿಷ್ ಕಲಿಸುವುದೇ ನನ್ನ ಕೆಲಸ. ನಲವತ್ತು, ಐವತ್ತು ದಾಟಿದ ಮೇಲೆ ಸ್ಪೇನಿಗೆ ಹೋಗಿ ಚೆನ್ನಾಗಿ ನೆಲೆಯೂರಿದವರನ್ನು ನೋಡಿದ್ದೇನೆ. ವರ್ಷಗಟ್ಟಲೆ ಅಲ್ಲಿದ್ದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರನ್ನೂ ನೋಡಿದ್ದೇನೆ. ಇವರಲ್ಲಿ ಒಬ್ಬರ ಜ್ಞಾಪಕಶಕ್ತಿ ಹೆಚ್ಚು, ಇನ್ನೊಬ್ಬರದು ಕಡಿಮೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ನೆಲೆಯೂರಿದವರು ಹೋದ ಕೆಲವೇ ತಿಂಗಳಲ್ಲಿ, ವಾರವಾರ ಅದೇ ಮುಖಗಳು ಸಿಗುವ ಎರಡು ಮೂರು ಜಾಗ ಹುಡುಕಿಕೊಂಡಿದ್ದರು. ಭಾಷೆ ಪೂರ್ತಿ ಬರಲಿ, ಆಮೇಲೆ ಜನರ ಜೊತೆ ಬೆರೆಯೋಣ ಅಂತ ಕಾದವರಿಗೆ ಭಾಷೆಯೂ ಬರಲಿಲ್ಲ, ಜನರೂ ಸಿಗಲಿಲ್ಲ. ನಾನು ಮುಂದೆ ಬರೆಯುವುದೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ.

ಮೊದಲು ವಯಸ್ಸಿನ ಮಾತು. ಮಕ್ಕಳಿಗೆ ಭಾಷೆ ಸಲೀಸು, ದೊಡ್ಡವರಿಗೆ ಕಷ್ಟ ಅನ್ನುವುದು ಅರ್ಧ ಮಾತ್ರ ನಿಜ. ಇಂಗ್ಲಿಷ್ ಮಾತಾಡುವ ಮಕ್ಕಳು, ಹದಿಹರೆಯದವರು, ದೊಡ್ಡವರು ನೆದರ್ಲೆಂಡ್ಸ್‌ಗೆ ಹೋಗಿ ಡಚ್ ಕಲಿಯುವುದನ್ನು ಕ್ಯಾಥರೀನ್ ಸ್ನೋ ಮತ್ತು ಮರಿಯಾನ್ ಹೂಫ್‌ನಾಗೆಲ್-ಹ್ಯೋಲೆ ಎಂಬ ಇಬ್ಬರು ಸಂಶೋಧಕಿಯರು ಗಮನಿಸಿದರು. 1978ರಲ್ಲಿ ಅದನ್ನು ಪ್ರಕಟಿಸಿದರು. ಮೊದಲ ಕೆಲವು ತಿಂಗಳು ಬೇಗ ಮುಂದೆ ಹೋದವರು 12ರಿಂದ 15 ವರ್ಷದವರು ಮತ್ತು ದೊಡ್ಡವರು. ಎಲ್ಲರಿಗಿಂತ ಹಿಂದೆ ಉಳಿದವರು 3ರಿಂದ 5 ವರ್ಷದ ಪುಟಾಣಿಗಳು! ದೊಡ್ಡವರಿಗೆ ವ್ಯಾಕರಣದ ನಿಯಮ ಒಂದು ಸಲ ಹೇಳಿದರೆ ಅರ್ಥವಾಗುತ್ತದೆ. ಕಲಿಯುವುದು ಹೇಗೆ ಅಂತ ಗೊತ್ತಿರುತ್ತದೆ. ಲೋಕದ ವ್ಯವಹಾರವೂ ಗೊತ್ತಿರುತ್ತದೆ. ಬ್ಯಾಂಕಿನಲ್ಲಿ ಏನು ಕೇಳಬಹುದು ಅಂತ ಅಂದಾಜು ಮಾಡುವುದು ಐದು ವರ್ಷದ ಮಗುವಿಗೆ ಆಗುವುದಿಲ್ಲ, ನಿಮಗೆ ಆಗುತ್ತದೆ.

ಉಳಿದ ಅರ್ಧವನ್ನೂ ಮುಚ್ಚಿಡುವುದಿಲ್ಲ. ವರ್ಷಗಳು ಕಳೆದಂತೆ ಚಿಕ್ಕವರು ದೊಡ್ಡವರನ್ನು ದಾಟಿ ಹೋಗುತ್ತಾರೆ. ಆರೂವರೆ ಲಕ್ಷಕ್ಕಿಂತ ಹೆಚ್ಚು ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿದ 2018ರ ಅಧ್ಯಯನವೊಂದಿದೆ. ವ್ಯಾಕರಣ ಕಲಿಯುವ ಶಕ್ತಿ ಸುಮಾರು 17ರ ತನಕ ಹಾಗೇ ಇದ್ದು, ಆಮೇಲೆ ಇಳಿಯುತ್ತದೆ ಅಂತ ಅದು ಹೇಳಿತು. ಅಲ್ಲೇ ಹುಟ್ಟಿ ಬೆಳೆದವರ ಹಾಗೆ ನೀವು ಸ್ಪ್ಯಾನಿಷ್ ಆಡುವುದು ಕಷ್ಟ. ಆದರೆ ನಿಮಗೆ ಬೇಕಾಗಿರುವುದು ಡಾಕ್ಟರ ಹತ್ತಿರ ನೋವು ಹೇಳಿಕೊಳ್ಳುವುದು, ಮಗಳ ಶಾಲೆಯಲ್ಲಿ ಟೀಚರ್ ಜೊತೆ ಮಾತಾಡುವುದು, ನೆರೆಯವರ ಜೊತೆ ನಗುವುದು, ಒಂದು ಕೆಲಸ ಹಿಡಿಯುವುದು. ಅದಕ್ಕೆ 48 ಅಡ್ಡಿಯಾಗುವ ವಯಸ್ಸೇ ಅಲ್ಲ.

ಪದ ಮರೆಯುತ್ತೇನೆ ಅಂದಿರಿ. ಎಲ್ಲರೂ ಮರೆಯುತ್ತಾರೆ. ಹೊಸದಾಗಿ ಕಲಿತದ್ದು ಮೊದಲ ದಿನದಲ್ಲೇ ಎಷ್ಟು ಬೇಗ ಜಾರಿಹೋಗುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಅದಕ್ಕೆ ಮದ್ದು, ಬಿಟ್ಟು ಬಿಟ್ಟು ನೆನಪಿಸಿಕೊಳ್ಳುವುದು: ಇವತ್ತು, ನಾಳೆ, ನಾಲ್ಕು ದಿನ ಬಿಟ್ಟು, ಎರಡು ವಾರ ಬಿಟ್ಟು. ನಿಮ್ಮ ಆ್ಯಪ್ ಇದನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಆದರೆ ಅದು ನಾಲ್ಕು ಉತ್ತರ ಮುಂದಿಟ್ಟು ಒಂದನ್ನು ಒತ್ತು ಅನ್ನುತ್ತದೆ. ಗುರುತು ಹಿಡಿಯುವುದು ಬೇರೆ, ಬಾಯಿಂದ ಬರುವುದು ಬೇರೆ. ಅಂಗಡಿಯಲ್ಲಿ ಯಾರೂ ನಾಲ್ಕು ಆಯ್ಕೆ ಕೊಡುವುದಿಲ್ಲ, ಅಲ್ವಾ? ಹಾಗಾಗಿ ಆ್ಯಪ್‌ಗೆ ದಿನಕ್ಕೆ ಕಾಲು ಗಂಟೆ ಸಾಕು. ಮಿಕ್ಕ ಸಮಯದಲ್ಲಿ ಫೋನ್ ಪಕ್ಕಕ್ಕಿಟ್ಟು, ನಿನ್ನೆ ಕಲಿತದ್ದನ್ನು ನೋಡದೆ ಜೋರಾಗಿ ಹೇಳಿ. ಬರದಿದ್ದರೆ ಅರ್ಧ ನಿಮಿಷ ತಡಕಾಡಿ. ಆಮೇಲೆ ನೋಡಿ. ಆ ತಡಕಾಟದಲ್ಲೇ ಪದ ಗಟ್ಟಿಯಾಗುತ್ತದೆ.

ಇನ್ನು ನಿಮಗೆ ಖುಷಿಯಾಗುವ ವಿಷಯ. ಕನ್ನಡ ಮಾತಾಡುವವರಿಗೆ ಸ್ಪ್ಯಾನಿಷ್ ಹಲವು ಕಡೆ ಹತ್ತಿರದ್ದೇ ಅನಿಸುತ್ತದೆ. ಇಂಗ್ಲಿಷ್ ಮೂಲಕ ಕಲಿಯುವುದರಿಂದ ನಮ್ಮವರಿಗೆ ಇದು ಗೊತ್ತೇ ಆಗುವುದಿಲ್ಲ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ವಾಕ್ಯ ನೋಡಿ: ಮೆ ಗುಸ್ತಾ ಎಲ್ ಕಫೆ. ಅಂದರೆ ನನಗೆ ಕಾಫಿ ಇಷ್ಟ. ಇಂಗ್ಲಿಷಿನಲ್ಲಿ ‘ನಾನು’ ಇಷ್ಟಪಡಬೇಕು. ಸ್ಪ್ಯಾನಿಷಿನಲ್ಲೂ ಕನ್ನಡದಲ್ಲೂ ‘ನನಗೆ’ ಇಷ್ಟ. ಮೆ ದುಎಲೆ ಲಾ ಕಬೆಸಾ, ನನಗೆ ತಲೆ ನೋಯುತ್ತಿದೆ. ಮೆ ಪರೆಸೆ, ನನಗೆ ಅನಿಸುತ್ತದೆ. ‘ಮೆ’ ಕಂಡ ಕೂಡಲೇ ‘ನನಗೆ’ ಅಂದುಕೊಳ್ಳಿ, ಅರ್ಧ ಕೆಲಸ ಮುಗಿಯಿತು.

‘ಬರ್ತೀನಿ’ ಅಂದರೆ ಸಾಕು, ‘ನಾನು’ ಬೇಕಿಲ್ಲ. ಸ್ಪ್ಯಾನಿಷಿನಲ್ಲೂ ಹಾಗೇ, ಕ್ರಿಯಾಪದದ ತುದಿ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ. ಆಬ್ಲೊ ಅಂದರೆ ಮಾತಾಡುತ್ತೇನೆ, ಆಬ್ಲಾಸ್ ಅಂದರೆ ಮಾತಾಡುತ್ತೀಯ, ಆಬ್ಲಾಮೊಸ್ ಅಂದರೆ ಮಾತಾಡುತ್ತೇವೆ. ಪ್ರತಿ ವಾಕ್ಯದ ಮುಂದೆ ‘ಯೊ, ಯೊ’ ಅಂತ ನಾನು ನಾನು ಸೇರಿಸುವ ಚಾಳಿ ಇಂಗ್ಲಿಷಿನಿಂದ ಬಂದದ್ದು, ಅದನ್ನು ಬಿಡಿ. ನೀನು, ನೀವು ಅನ್ನುವ ಭೇದಕ್ಕೆ ತು ಮತ್ತು ಉಸ್ತೆದ್ ಇವೆ. ಇಲ್ಲೊಂದು ಎಚ್ಚರ. ಸ್ಪೇನಿನಲ್ಲಿ ‘ತು’ ನೀವು ಊಹಿಸುವುದಕ್ಕಿಂತ ತುಂಬ ಜಾಸ್ತಿ ಬಳಕೆಯಲ್ಲಿದೆ. ಅಂಗಡಿಯ ಹುಡುಗ, ಮಗಳ ಟೀಚರ್, ಕೆಲವೊಮ್ಮೆ ಡಾಕ್ಟರ್ ಕೂಡ ನಿಮ್ಮನ್ನು ‘ತು’ ಅನ್ನುತ್ತಾರೆ. ಅದು ಅಗೌರವ ಅಲ್ಲ. ನೀವು ವಯಸ್ಸಾದವರಿಗೆ, ಸರ್ಕಾರಿ ಕಚೇರಿಯವರಿಗೆ ‘ಉಸ್ತೆದ್’ ಅನ್ನಿ. ಉಳಿದವರು ‘ತು’ ಅಂದರೆ ನೀವೂ ‘ತು’ ಅನ್ನಿ. ಮೊದಮೊದಲು ನಾಲಿಗೆ ಹಿಂಜರಿಯುತ್ತದೆ, ಆಮೇಲೆ ಸರಿಹೋಗುತ್ತದೆ.

ಉಚ್ಚಾರದಲ್ಲೂ ನಿಮ್ಮದೇ ಮೇಲುಗೈ. ಸ್ಪ್ಯಾನಿಷಿನ ತ, ದ ನಮ್ಮ ತ, ದಗಳ ಹಾಗೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಅಕ್ಷರ ನೋಡಿ ಓದುವುದರಿಂದ ನಮ್ಮವರೂ ಸುಮ್ನೆ ‘ಗಸ್ಟಾ’, ‘ಟೊಮಾಟೆ’ ಅಂತ ಟ-ಕಾರ ಹಾಕುತ್ತಾರೆ. ನನ್ನ ಸಲಹೆ ಇದು: ಮೊದಲ ಎರಡು ತಿಂಗಳು ಪ್ರತಿ ಹೊಸ ಪದವನ್ನು ಕೇಳಿ, ಕೇಳಿದ ಹಾಗೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ತೊಮಾತೆ, ಗುಸ್ತಾ, ತಾರ್ದೆ. ಸೆಞೊರಾ, ಮಞಾನಾ ಪದಗಳಲ್ಲಿ ಬರುವ ಞ ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿತ್ತು, ಈಗ ಉಪಯೋಗಕ್ಕೆ ಬಂತು. ಪೆರೊ ಅಂದರೆ ‘ಆದರೆ’, ಪೆರ್ರೊ ಅಂದರೆ ‘ನಾಯಿ’. ಈ ರ್ರ ಹೊರಡಿಸಲು ಇಂಗ್ಲಿಷಿನವರು ಎಷ್ಟು ಕಷ್ಟಪಡುತ್ತಾರೆ ಅಂತ ತರಗತಿಯಲ್ಲಿ ನೋಡಬೇಕು. ಇನ್ನು ಸ್ಪೇನಿನ ಬಹುಪಾಲು ಕಡೆ, ವಲೆನ್ಸಿಯಾದಲ್ಲೂ, ‘ಸೆರ್ವೆಸಾ’ದಂಥ ಪದದ ಸ-ಕಾರವನ್ನು ಇಂಗ್ಲಿಷಿನ ‘ಥ್ಯಾಂಕ್ಸ್’ ಪದದ ಮೊದಲ ಶಬ್ದದ ಹಾಗೆ, ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ಹೇಳುತ್ತಾರೆ. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಹಲವು ಕಡೆ ಮತ್ತು ಲ್ಯಾಟಿನ್ ಅಮೆರಿಕದಲ್ಲಿ ಅದು ಬರೀ ಸ. ನೀವು ಸ ಅಂದರೂ ಎಲ್ಲರಿಗೂ ಅರ್ಥವಾಗುತ್ತದೆ. ಕಿವಿ ಮಾತ್ರ ಎರಡಕ್ಕೂ ಒಗ್ಗಲಿ.

ಹಾಗಾದರೆ ನಮಗೆ ಕಷ್ಟ ಎಲ್ಲಿ? ಪದದ ಯಾವ ಭಾಗಕ್ಕೆ ಒತ್ತು ಬೀಳುತ್ತದೆ ಅನ್ನುವಲ್ಲಿ. ಕನ್ನಡದಲ್ಲಿ ಸ್ವರ ಹ್ರಸ್ವವೋ ದೀರ್ಘವೋ ಅನ್ನುವುದು ಮುಖ್ಯ, ಒತ್ತು ಮುಖ್ಯವಲ್ಲ. ಸ್ಪ್ಯಾನಿಷಿನಲ್ಲಿ ಇದು ತಲೆಕೆಳಗು. ಕೊಂಪ್ರೊ ಅನ್ನುವ ಪದದಲ್ಲಿ ಮೊದಲ ಭಾಗವನ್ನು ಒತ್ತಿ ಹೇಳಿದರೆ ‘ಕೊಳ್ಳುತ್ತೇನೆ’. ಕೊನೆಯ ಭಾಗವನ್ನು ಒತ್ತಿದರೆ ‘ಅವನು ಅಥವಾ ಅವಳು ಕೊಂಡರು’. ಬರೆಯುವಾಗ ಒಂದು ಸಣ್ಣ ಗೆರೆಯಷ್ಟೇ ವ್ಯತ್ಯಾಸ. ಇದನ್ನು ಕಡೆಗಣಿಸಿದವರ ಮಾತು ವ್ಯಾಕರಣ ಸರಿಯಿದ್ದರೂ ಸ್ಪೇನಿನವರಿಗೆ ಅರ್ಥವಾಗುವುದಿಲ್ಲ. ಇವರಿಗೆ ತಮ್ಮ ವ್ಯಾಕರಣದ ಮೇಲೇ ಅನುಮಾನ ಶುರುವಾಗುತ್ತದೆ. ಪದ ಕಲಿಯುವಾಗ ಒತ್ತು ಬೀಳುವ ಕಡೆ ಮೇಜು ತಟ್ಟಿ ಕಲಿಯಿರಿ.

ಎರಡನೆಯ ಕಷ್ಟ ಲಿಂಗ. ನಮಗೆ ಮೇಜು, ಕೈ, ಸಮಸ್ಯೆ ಎಲ್ಲವೂ ‘ಅದು’. ಅಲ್ಲಿ ಮೇಜು ಹೆಣ್ಣು, ಲಾ ಮೆಸಾ. ಓ ಇಂದ ಮುಗಿದರೆ ಗಂಡು, ಆ ಇಂದ ಮುಗಿದರೆ ಹೆಣ್ಣು ಅನ್ನುವ ನಿಯಮ ಬಹಳ ಸಲ ನಡೆಯುತ್ತದೆ. ಆದರೆ ಕೈ ‘ಲಾ ಮಾನೊ’, ಸಮಸ್ಯೆ ‘ಎಲ್ ಪ್ರೊಬ್ಲೆಮಾ’. ಪದವನ್ನು ಒಂಟಿಯಾಗಿ ಕಲಿಯಬೇಡಿ, ಎಲ್ ಅಥವಾ ಲಾ ಸೇರಿಸಿಯೇ ಕಲಿಯಿರಿ. ಮಾತಿನಲ್ಲಿ ತಪ್ಪಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅರ್ಥವೂ ಕೆಡುವುದಿಲ್ಲ. ‘ಇರು’ ಅನ್ನುವುದಕ್ಕೆ ಸೆರ್, ಎಸ್ತಾರ್ ಅಂತ ಎರಡು ಕ್ರಿಯಾಪದ ಇರುವುದು ಇನ್ನೂ ಸ್ವಲ್ಪ ಕಾಡುತ್ತದೆ. ‘ಎಸ್ತಾ ಅಬುರ್ರಿದೊ’ ಅಂದರೆ ಅವನಿಗೆ ಬೇಜಾರಾಗಿದೆ, ‘ಎಸ್ ಅಬುರ್ರಿದೊ’ ಅಂದರೆ ಅವನೇ ಬೋರು ಹೊಡೆಸುವ ಮನುಷ್ಯ. ಇದು ನಿಯಮಕ್ಕಿಂತ ಹೆಚ್ಚಾಗಿ ಬಳಕೆಯಿಂದ ಬರುತ್ತದೆ.

ಅಲ್ಲಿ ಇಳಿದ ಮೊದಲ ವಾರ ನಿಮ್ಮನ್ನು ಕಂಗೆಡಿಸುವುದು ವೇಗ. ಸ್ಪ್ಯಾನಿಷ್ ನಿಜಕ್ಕೂ ವೇಗದ ಭಾಷೆ. ಹಲವು ಭಾಷೆಗಳನ್ನು ಅಳೆದ 2011ರ ಅಧ್ಯಯನವೊಂದರಲ್ಲಿ ಸ್ಪ್ಯಾನಿಷಿನವರು ಸೆಕೆಂಡಿಗೆ ಸುಮಾರು 7.8 ಉಚ್ಚಾರಾಂಶ (ಸಿಲಬಲ್) ಆಡಿದರೆ, ಇಂಗ್ಲಿಷಿನವರು ಆಡಿದ್ದು ಸುಮಾರು 6.2. ಸಮಾಧಾನದ ಸಂಗತಿ ಅಂದರೆ, ಸ್ಪ್ಯಾನಿಷಿನ ಒಂದೊಂದು ಉಚ್ಚಾರಾಂಶದಲ್ಲಿ ಅಡಗಿರುವ ವಿಷಯ ಇಂಗ್ಲಿಷಿಗಿಂತ ಕಡಿಮೆ. ಹಾಗಾಗಿ ಪ್ರತಿ ಪದ ಹಿಡಿಯಲು ಹೋಗಬೇಡಿ. ಮುಖ್ಯವಾದ ಎರಡು ಪದ ಸಿಕ್ಕರೆ ಉಳಿದದ್ದನ್ನು ಊಹಿಸಬಹುದು. ವಯಸ್ಸಾದಂತೆ ಗದ್ದಲದಲ್ಲಿ ಮಾತು ಬಿಡಿಸಿ ಕೇಳುವುದು ಕಷ್ಟವಾಗುತ್ತದೆ, ಸ್ಪೇನಿನ ಬಾರ್‌ಗಳೋ ಬಹಳ ಗದ್ದಲದವು. ಶುರುವಿನಲ್ಲಿ ಮಾತುಕತೆಗೆ ಪಾರ್ಕು, ನಡಿಗೆ, ಬೆಳಗಿನ ಹೊತ್ತಿನ ಖಾಲಿ ಕಫೆ ಆರಿಸಿಕೊಳ್ಳಿ. ಈಗಿನಿಂದಲೇ ಸ್ಪೇನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿವಿಇಯ ರೇಡಿಯೊ ಸುದ್ದಿಯನ್ನು ದಿನಾ ಹತ್ತು ನಿಮಿಷ ಕೇಳಿ. ಅದನ್ನೇ ಮೂರು ಸಲ ಕೇಳುವುದು ಮೂರು ಬೇರೆ ಬೇರೆ ಕೇಳುವುದಕ್ಕಿಂತ ಒಳ್ಳೆಯದು.

ಎಷ್ಟು ಕಾಲ ಅಂತ ಕೇಳಿದಿರಿ. ವರ್ಷದ ಲೆಕ್ಕ ಬಿಟ್ಟು ಗಂಟೆಗಳ ಲೆಕ್ಕ ಹಾಕಿ. ಅಮೆರಿಕದ ರಾಜತಾಂತ್ರಿಕರಿಗೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷನ್ನು ಸುಲಭದ ಗುಂಪಿನಲ್ಲಿಟ್ಟಿದೆ. ಕಚೇರಿ ಕೆಲಸ ಮಾಡುವಷ್ಟು ಬರಲು 600ರಿಂದ 750 ತರಗತಿ ಗಂಟೆ ಅನ್ನುತ್ತದೆ. ನಿಮಗೆ ಇಂಗ್ಲಿಷ್ ಚೆನ್ನಾಗಿ ಗೊತ್ತು, ಆ ದಾರಿಯಿಂದ ಸಾವಿರಾರು ಪದ ಪುಕ್ಕಟೆ ಸಿಗುತ್ತವೆ. ಯುರೋಪಿನಲ್ಲಿ ಭಾಷೆ ಎಷ್ಟು ಬರುತ್ತದೆ ಅಂತ ಎ1ರಿಂದ ಸಿ2ರ ತನಕ ಆರು ಹಂತಗಳಲ್ಲಿ ಅಳೆಯುತ್ತಾರೆ. ನನ್ನ ಅನುಭವದಲ್ಲಿ ದಿನನಿತ್ಯದ ಕೆಲಸ ನಡೆಸಿಕೊಳ್ಳುವ ಎ2 ಹಂತಕ್ಕೆ ಸುಮಾರು 200 ಗಂಟೆ ಬೇಕು, ನಾಲ್ಕು ಜನರ ನಡುವೆ ಕೂತು ಮಾತಾಡುವ ಬಿ1ಕ್ಕೆ ಅದರ ಎರಡರಷ್ಟು. ದಿನಕ್ಕೆ ಒಂದು ಗಂಟೆ ಕೊಟ್ಟರೆ ಜುಲೈ ಹೊತ್ತಿಗೆ ಎ2 ಹತ್ತಿರ ಇರುತ್ತೀರಿ. ಅದು ದೊಡ್ಡ ಆಸ್ತಿ. ಸೊನ್ನೆಯಿಂದ ಹೊರಡುವವರು ಮೊದಲ ಆರು ತಿಂಗಳು ಬರೀ ದಣಿಯುತ್ತಾರೆ. ಸ್ವಲ್ಪ ಕಲಿತು ಹೋದವರಿಗೆ ಬೀದಿಯೇ ಪಾಠಶಾಲೆಯಾಗುತ್ತದೆ.

ಹೋಗುವ ಮೊದಲು ಕಲಿಯಬೇಕಾದದ್ದರಲ್ಲಿ ಅಂಕಿಗಳಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ನೀವು ಗಣಿತದವರು, ಸುಲಭ ಅನ್ನಬಹುದು. ಕಣ್ಣಿಗೆ ಸುಲಭ, ಕಿವಿಗೆ ಅಲ್ಲ. ಸೆಸೆಂತಾ ಅಂದರೆ 60, ಸೆತೆಂತಾ ಅಂದರೆ 70. ಕೌಂಟರಿನಲ್ಲಿ ವೇಗವಾಗಿ ಹೇಳಿದಾಗ ಎರಡೂ ಒಂದೇ ಥರ ಕೇಳಿಸುತ್ತವೆ. 1.50 ಯೂರೊವನ್ನು ‘ಉನೊ ಸಿಂಕುಎಂತಾ’ ಅಂತಲೋ ‘ಉನೊ ಕೊನ್ ಸಿಂಕುಎಂತಾ’ ಅಂತಲೋ ಹೇಳುತ್ತಾರೆ. ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳದೆ ಎರಡೆರಡು, ಮೂರುಮೂರು ಸೇರಿಸಿ ಹೇಳುವವರೇ ಹೆಚ್ಚು. ನಿಮ್ಮ ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ, ವಿಳಾಸ, ಹೆಸರಿನ ಒಂದೊಂದು ಅಕ್ಷರ, ಇಷ್ಟನ್ನು ಸ್ಪ್ಯಾನಿಷಿನಲ್ಲಿ ತಡವರಿಸದೆ ಹೇಳಲು ಬಂದರೆ ಮೊದಲ ತಿಂಗಳ ಅರ್ಧ ಸಂಕಟ ಕಳೆಯಿತು.

ಯಾಕಂದ್ರೆ ಮೊದಲ ತಿಂಗಳು ಪೂರ್ತಿ ಕೌಂಟರುಗಳದೇ. ವಿಳಾಸವನ್ನು ಅಯುಂತಾಮಿಯೆಂತೊ ಅಂದರೆ ನಗರಸಭೆಯಲ್ಲಿ ನೋಂದಾಯಿಸಬೇಕು. ಇದಕ್ಕೆ ಎಂಪಾದ್ರೊನಾಮಿಯೆಂತೊ ಅನ್ನುತ್ತಾರೆ. ಶಾಲೆ, ಆರೋಗ್ಯ ಕಾರ್ಡು, ಎಲ್ಲಕ್ಕೂ ಆ ಚೀಟಿ ಬೇಕು. ಪೊಲೀಸ್ ಠಾಣೆಯಲ್ಲಿ ಬೆರಳಚ್ಚು ಕೊಟ್ಟು ವಿದೇಶಿಯರ ಗುರುತಿನ ಚೀಟಿ ಪಡೆಯಬೇಕು. ಬಹುತೇಕ ಎಲ್ಲಕ್ಕೂ ‘ಸಿತಾ ಪ್ರೆವಿಯಾ’, ಅಂದರೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳುವುದು, ಕಡ್ಡಾಯ. ಆಗಸ್ಟ್‌ನಲ್ಲಿ ಸ್ಪೇನ್ ರಜೆಯಲ್ಲಿರುತ್ತದೆ, ಕಚೇರಿಗಳು ನಿಧಾನ. ನೀವು ಜುಲೈಯಲ್ಲಿ ಇಳಿಯುವುದಾದರೆ ಬಂದ ವಾರವೇ ಸಿತಾ ಹುಡುಕಲು ಶುರು ಮಾಡಿ.

ಈ ಕೌಂಟರುಗಳಿಗೆ ಗಂಡನನ್ನೋ ದುಭಾಷಿಯನ್ನೋ ಕರೆದುಕೊಂಡು ಹೋಗಿ, ಆದರೆ ಮಾತು ನೀವೇ ಶುರು ಮಾಡಿ. ‘ಬುಎನೊಸ್ ದಿಯಾಸ್. ಬೆಂಗೊ ಅ ಎಂಪಾದ್ರೊನಾರ್ಮೆ. ತೆಂಗೊ ಸಿತಾ ಅ ಲಾಸ್ ದಿಯೆಸ್.’ ನಮಸ್ಕಾರ, ನೋಂದಣಿಗೆ ಬಂದಿದ್ದೇನೆ, ಹತ್ತು ಗಂಟೆಗೆ ಸಮಯ ಕೊಟ್ಟಿದ್ದಾರೆ, ಅಷ್ಟೇ. ಅವರು ಕೇಳುವುದೂ ಊಹಿಸಬಹುದಾದ ನಾಲ್ಕೈದು ಪ್ರಶ್ನೆ: ಮನೆಯಲ್ಲಿ ಎಷ್ಟು ಜನ, ಬಾಡಿಗೆ ಕರಾರು ಯಾರ ಹೆಸರಲ್ಲಿದೆ, ಪಾಸ್‌ಪೋರ್ಟ್ ಎಲ್ಲಿ. ಹಿಂದಿನ ದಿನ ಮನೆಯಲ್ಲಿ ಇಬ್ಬರೂ ಕೂತು ನಾಟಕದ ಹಾಗೆ ಅಭ್ಯಾಸ ಮಾಡಿ. ಗೊತ್ತಾಗದಿದ್ದರೆ ‘ಮಾಸ್ ದೆಸ್ಪಾಸಿಯೊ, ಪೊರ್ ಫಾವೊರ್’, ಸ್ವಲ್ಪ ನಿಧಾನ ಅನ್ನಿ. ಇನ್ನೂ ಒಳ್ಳೆಯದು ‘ಮೆ ಲೊ ಅಪುಂತಾ?’, ಬರೆದುಕೊಡ್ತೀರಾ? ಬರೆದುಕೊಟ್ಟ ಚೀಟಿ ಮನೆಗೆ ತಂದು ಓದಬಹುದು.

ಇನ್ನೊಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಮಾರುಕಟ್ಟೆಯ ಮೀನಿನಂಗಡಿ, ತರಕಾರಿ ಅಂಗಡಿಗಳ ಮುಂದೆ ಜನ ಚೆಲ್ಲಾಪಿಲ್ಲಿ ನಿಂತಿರುತ್ತಾರೆ. ಸಾಲು ಇಲ್ಲ ಅನಿಸುತ್ತದೆ, ಆದರೆ ಇರುತ್ತದೆ. ಹೊಸದಾಗಿ ಬಂದವರು ‘ಕಿಯೆನ್ ಎಸ್ ಎಲ್ ಉಲ್ತಿಮೊ?’ ಕೊನೆಯವರು ಯಾರು ಅಂತ ಕೇಳುತ್ತಾರೆ. ಯಾರೋ ಒಬ್ಬರು ‘ಯೊ’, ನಾನು ಅನ್ನುತ್ತಾರೆ. ಈಗ ನೀವು ಅವರ ಹಿಂದೆ. ಮುಂದೆ ಬರುವವರು ಕೇಳಿದಾಗ ‘ಯೊ’ ಅನ್ನುವ ಸರದಿ ನಿಮ್ಮದು. ಡಾಕ್ಟರ ಹತ್ತಿರ ಕಾಯುವ ಕೋಣೆಗೆ ಕಾಲಿಟ್ಟವರು ಗುರುತಿಲ್ಲದವರಿಗೂ ‘ಬುಎನಾಸ್’, ನಮಸ್ಕಾರ ಅನ್ನುತ್ತಾರೆ. ಲಿಫ್ಟಿನಿಂದ ಇಳಿಯುವಾಗ ‘ಆಸ್ತಾ ಲುಎಗೊ’, ಬರ್ತೀನಿ ಅನ್ನುತ್ತಾರೆ. ಇವು ಸಣ್ಣ ಮಾತುಗಳೇ. ಆದರೆ ಇವನ್ನು ಆಡದೆ ಸುಮ್ಮನಿರುವವರನ್ನು ಅಲ್ಲಿನವರು ದೂರ ಇಡುತ್ತಾರೆ, ಬಿಗುಮಾನ ಅಂದುಕೊಳ್ಳುತ್ತಾರೆ. ಒಂದೇ ಪದ ಬಂದರೂ ಸಾಕು, ಮೊದಲ ದಿನದಿಂದ ಆಡಿ.

ಈಗ ನಿಮ್ಮ ಪತ್ರದಲ್ಲಿ ಬರೆಯದ ಒಂದು ವಿಷಯ. ಇಷ್ಟು ವರ್ಷ ಮಾತಿನಿಂದಲೇ ಗೌರವ ಗಳಿಸಿದವರು ನೀವು. ತರಗತಿಯಲ್ಲಿ ನೀವು ಬಾಯಿ ಬಿಟ್ಟರೆ ಎಲ್ಲರೂ ಕೇಳುತ್ತಿದ್ದರು. ಅಲ್ಲಿ ಒಂದು ವರ್ಷ ಮೂರು ವರ್ಷದ ಮಗುವಿನ ವಾಕ್ಯಗಳಲ್ಲಿ ಮಾತಾಡಬೇಕು. ಹೇಳಬೇಕಾದ್ದು ತಲೆ ತುಂಬ ಇರುತ್ತದೆ, ಬಾಯಿಗೆ ಬರುವುದು ನಾಲ್ಕು ಪದ. ಎದುರಿನವರು ದಡ್ಡರ ಜೊತೆ ಮಾತಾಡುವ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಹೇಳುತ್ತಾರೆ. ಶಿಕ್ಷಕರು, ವಕೀಲರು, ಡಾಕ್ಟರುಗಳಿಗೆ ಇದು ಬೇರೆಯವರಿಗಿಂತ ಹೆಚ್ಚು ನೋವು ಕೊಡುವುದನ್ನು ನೋಡಿದ್ದೇನೆ. ಸಾಮಾನ್ಯವಾಗಿ ಮೂರನೆಯ ತಿಂಗಳಿನಿಂದ ಆರನೆಯ ತಿಂಗಳ ನಡುವೆ ಇದು ತೀವ್ರವಾಗುತ್ತದೆ. ಹೊಸತನದ ಹುರುಪು ಇಳಿದಿರುತ್ತದೆ, ಭಾಷೆ ಇನ್ನೂ ಕೈಗೆ ಬಂದಿರುವುದಿಲ್ಲ. ಆಗ ಮನೆಯಿಂದ ಹೊರಗೆ ಹೋಗುವುದೇ ಬೇಡ ಅನಿಸುತ್ತದೆ. ಇಂಗ್ಲಿಷ್ ಆಡುವ ವಿದೇಶಿಯರ ಗುಂಪು ಸಿಕ್ಕರೆ ಅಲ್ಲೇ ಇದ್ದುಬಿಡೋಣ ಅನಿಸುತ್ತದೆ. ವಲೆನ್ಸಿಯಾದಿಂದ ದಕ್ಷಿಣಕ್ಕೆ, ಅಲಿಕಾಂತೆಯ ಕಡಲ ತೀರದಲ್ಲಿ, ಹಾಗೆ ದಶಕಗಟ್ಟಲೆ ಸ್ಪ್ಯಾನಿಷ್ ಇಲ್ಲದೆ ಬಾಳಿದ ವಿದೇಶಿಯರ ಊರುಗಳೇ ಇವೆ. ಸ್ನೇಹಕ್ಕೆ ಆ ಗುಂಪೂ ಇರಲಿ, ತಪ್ಪಿಲ್ಲ. ವಾರದಲ್ಲಿ ಒಂದು ದಿನ ಮಾತ್ರ.

ಉಳಿದ ದಿನಗಳಿಗೆ ಆಗಲೇ ಹೇಳಿದ ಎರಡು ಮೂರು ಜಾಗ ಬೇಕು. ಒಂದು, ತರಗತಿ. ಸರ್ಕಾರವೇ ನಡೆಸುವ ಎಸ್ಕುಎಲಾ ಒಫಿಸಿಯಾಲ್ ದೆ ಇದಿಯೊಮಾಸ್ ಎಂಬ ಭಾಷಾ ಶಾಲೆ ವಲೆನ್ಸಿಯಾದಲ್ಲೂ ಇದೆ. ಶುಲ್ಕ ಖಾಸಗಿ ಶಾಲೆಗಳಿಗಿಂತ ತುಂಬ ಕಡಿಮೆ, ಕಲಿಸುವುದು ಅಚ್ಚುಕಟ್ಟು. ಪ್ರವೇಶ ವರ್ಷದ ಗೊತ್ತಾದ ದಿನಗಳಲ್ಲಿ ಮಾತ್ರ, ಸೀಟು ಬೇಗ ತುಂಬುತ್ತದೆ, ಅದಕ್ಕೆ ದಿನಾಂಕಗಳನ್ನು ಈಗಿನಿಂದಲೇ ನೋಡುತ್ತಿರಿ. ಸಿಗದಿದ್ದರೆ ವಯಸ್ಕರ ಶಿಕ್ಷಣ ಶಾಲೆಗಳಿವೆ, ರೆಡ್ ಕ್ರಾಸ್‌ನಂಥ ಸಂಸ್ಥೆಗಳೂ ತರಗತಿ ನಡೆಸುತ್ತವೆ.

ಎರಡನೆಯದು ಭಾಷೆಗೆ ಸಂಬಂಧವೇ ಇಲ್ಲದ ಜಾಗ ಆಗಿರಲಿ. ಇದು ತರಗತಿಗಿಂತಲೂ ಮುಖ್ಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತರಗತಿಯಲ್ಲಿ ಎಲ್ಲರೂ ನಿಮ್ಮ ಹಾಗೆ ಹೊರಗಿನವರು. ಅಲ್ಲಿನವರು ಸಿಗಬೇಕಾದರೆ ಅಲ್ಲಿನವರು ಸೇರುವ ಕಡೆ ಹೋಗಬೇಕು. ವಲೆನ್ಸಿಯಾ ನಗರಸಭೆಯ ಉನಿವೆರ್ಸಿತಾತ್ ಪೊಪುಲಾರ್ ಬಡಾವಣೆ ಬಡಾವಣೆಗಳಲ್ಲಿ ದೊಡ್ಡವರಿಗಾಗಿ ಬಗೆಬಗೆಯ ತರಗತಿ ನಡೆಸುತ್ತದೆ. ಹೊಲಿಗೆ, ಚಿತ್ರಕಲೆಯಂಥ ಕೈಕೆಲಸದ್ದು ಯಾವುದಾದರೂ ಆರಿಸಿ. ಕೈಗೆ ಕೆಲಸ ಇದ್ದಾಗ ಮಾತು ತಡವರಿಸಿದರೂ ಮುಜುಗರ ಆಗುವುದಿಲ್ಲ. ಮಾತಿಲ್ಲದ ಹೊತ್ತೂ ಭಾರ ಅನಿಸುವುದಿಲ್ಲ. ಪ್ರತಿ ಮಂಗಳವಾರ ಅದೇ ಎಂಟು ಹೆಂಗಸರು ಸಿಗುತ್ತಾರೆ. ಹೋದ ವಾರ ಮೊಮ್ಮಗುವಿಗೆ ಜ್ವರ ಅಂದವರನ್ನು ಈ ವಾರ ಹೇಗಿದೆ ಅಂತ ಕೇಳುತ್ತೀರಿ. ಅವರಿಗೆ ನಿಮ್ಮ ಉಚ್ಚಾರ ರೂಢಿಯಾಗುತ್ತದೆ, ನಿಮಗೆ ಅವರ ವೇಗ ರೂಢಿಯಾಗುತ್ತದೆ.

ವಲೆನ್ಸಿಯಾಕ್ಕೆ ಇನ್ನೊಂದು ಭಾಗ್ಯ ಇದೆ. ಮಾರ್ಚ್ 15ರಿಂದ 19ರ ತನಕ ನಡೆಯುವ ಫಾಯಾಸ್ ಹಬ್ಬ 2016ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿ ಸೇರಿದೆ. ಅದನ್ನು ನಡೆಸುವುದು ಬಡಾವಣೆಯ ಸಮಿತಿಗಳು, ನಗರದಲ್ಲಿ ಮುನ್ನೂರಕ್ಕಿಂತ ಹೆಚ್ಚಿವೆ. ಪ್ರತಿ ಸಮಿತಿಗೂ ಕಸಾಲ್ ಅನ್ನುವ ಒಂದು ಜಾಗ ಇರುತ್ತದೆ, ವರ್ಷಪೂರ್ತಿ ಅಲ್ಲಿ ಊಟ, ಮಾತು, ತಯಾರಿ ನಡೆಯುತ್ತಲೇ ಇರುತ್ತದೆ. ಸದಸ್ಯತ್ವಕ್ಕೆ ಚಂದಾ ಇದೆ. ಹದಿಹರೆಯದ ಮಗಳಿರುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಆ ಊರಿನಲ್ಲಿ ನನಗೆ ಗೊತ್ತಿಲ್ಲ. ಶಾಲೆಯ ಪೋಷಕರ ಸಂಘ ಮೂರನೆಯದಾಗಬಹುದು. ಭಾಷೆ ಅದಲುಬದಲು ಮಾಡಿಕೊಳ್ಳುವ ‘ಇಂತೆರ್‌ಕಾಂಬಿಯೊ’ ಕೂಟಗಳೂ ನಡೆಯುತ್ತವೆ. ಅಲ್ಲಿ ಪ್ರತಿ ಸಲ ಹೊಸಬರು ಬರುತ್ತಾರೆ, ಅದೇ ಪರಿಚಯದ ಮಾತು ಮತ್ತೆ ಮತ್ತೆ. ಒಬ್ಬರೇ ಜೊತೆಗಾರರು ಸಿಕ್ಕಿದರೆ ಕೂಟ ಬಿಟ್ಟು ಅವರನ್ನೇ ವಾರವಾರ ಭೇಟಿಯಾಗಿ.

ವಲೆನ್ಸಿಯಾದಲ್ಲಿ ಎರಡು ಅಧಿಕೃತ ಭಾಷೆಗಳಿವೆ ಅನ್ನುವುದನ್ನು ಯಾರಾದರೂ ನಿಮಗೆ ಹೇಳಿದ್ದಾರೋ ಇಲ್ಲವೋ. ಒಂದು ಸ್ಪ್ಯಾನಿಷ್, ಅಲ್ಲಿನ ಅರ್ಜಿಗಳಲ್ಲಿ ಅದನ್ನು ಕಸ್ತೆಯಾನೊ ಅಂತ ಬರೆದಿರುತ್ತಾರೆ. ಇನ್ನೊಂದು ವಲೆನ್ಸಿಯಾನೊ, ಕಟಲಾನ್ ಭಾಷೆಯ ಬಗೆ. ನಗರದ ಬೀದಿಯಲ್ಲಿ ಕಿವಿಗೆ ಬೀಳುವುದು ಬಹುತೇಕ ಸ್ಪ್ಯಾನಿಷೇ. ಬೋರ್ಡು, ನಗರಸಭೆಯ ಪತ್ರ, ಶಾಲೆಯಲ್ಲಿ ವಲೆನ್ಸಿಯಾನೊ ಇರುತ್ತದೆ. ನೀವು ಸ್ಪ್ಯಾನಿಷ್ ಮೊದಲು ಕಲಿಯಿರಿ, ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಆದರೆ ‘ಬೊನ್ ದಿಯಾ’ ಅಂತ ನಮಸ್ಕಾರ ಹೇಳಲು, ಬೋರ್ಡು ಓದಲು ಕಲಿಯಿರಿ. ತಮ್ಮ ಭಾಷೆಯನ್ನು ಹೊರಗಿನವರು ಒಂದು ಪದವಾದರೂ ಆಡಿದರೆ ಆಗುವ ಸಂತೋಷ ನಿಮಗೆ ಗೊತ್ತಿಲ್ಲದ್ದೇನಲ್ಲ. ಮಗಳ ಶಾಲೆ ಆರಿಸುವಾಗ ಯಾವ ವಿಷಯ ಯಾವ ಭಾಷೆಯಲ್ಲಿ, ಹೊಸಬರಿಗೆ ಭಾಷೆಯ ನೆರವು ಏನು ಅಂತ ಮೊದಲೇ ಕೇಳಿ.

ಮಗಳ ಬಗ್ಗೆ ಒಂದು ಮಾತು. ಅವಳಿಗೆ 13. ಆ ಡಚ್ ಅಧ್ಯಯನದಲ್ಲಿ ಬೇಗ ಮುಂದೆ ಹೋದ ವಯಸ್ಸು ಅದೇ. ಒಂದು ವರ್ಷದಲ್ಲಿ ಅವಳು ನಿಮಗಿಂತ ಚೆನ್ನಾಗಿ ಮಾತಾಡುತ್ತಾಳೆ. ಆಗ ಡಾಕ್ಟರ ಹತ್ತಿರ, ಬ್ಯಾಂಕಿನಲ್ಲಿ, ಮನೆ ಮಾಲೀಕರ ಜೊತೆ ಅವಳನ್ನೇ ಮಾತಾಡಿಸುವುದು ಸುಲಭದ ದಾರಿ ಅನಿಸುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಅಮ್ಮನ ಕಾಯಿಲೆ, ಮನೆಯ ದುಡ್ಡಿನ ಚಿಂತೆ ಆ ವಯಸ್ಸಿನ ಹುಡುಗಿಯ ಬಾಯಿಂದ ಹೊರಡಬಾರದು. ಅವಳಿಗೂ ಅದು ಭಾರ, ನಿಮ್ಮ ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಮನೆಯೊಳಗೆ ಕನ್ನಡ ಬಿಡಬೇಡಿ. ಸ್ಪ್ಯಾನಿಷ್ ಬೇಗ ಬರಲಿ ಅಂತ ಮನೆಯಲ್ಲೂ ಮುರುಕು ಸ್ಪ್ಯಾನಿಷ್ ಆಡುವವರಿದ್ದಾರೆ. ಅದರಿಂದ ಭಾಷೆ ಬೆಳೆಯುವುದಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಗುತ್ತದೆ ಅಷ್ಟೇ.

ಪಾಠ ಹೇಳುವ ಆಸೆ ಖಂಡಿತ ಇಟ್ಟುಕೊಳ್ಳಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಸರ್ಕಾರಿ ಶಾಲೆಯ ಖಾಯಂ ಹುದ್ದೆಗೆ ಸ್ಪರ್ಧಾತ್ಮಕ ಪರೀಕ್ಷೆ, ಅಲ್ಲಿನ ಶಿಕ್ಷಕರ ಮಾಸ್ಟರ್ಸ್ ಪದವಿ, ಸಾಮಾನ್ಯವಾಗಿ ಸ್ಪೇನ್ ಅಥವಾ ಐರೋಪ್ಯ ಒಕ್ಕೂಟದ ಪೌರತ್ವ ಬೇಕು. ಅದು ದೂರದ ಮಾತು. ಹತ್ತಿರದ್ದು ‘ರೆಪಾಸೊ’, ಶಾಲೆ ಮುಗಿದ ಮೇಲಿನ ಮನೆಪಾಠ. ಗಣಿತಕ್ಕೆ ಅಲ್ಲೂ ಬೇಡಿಕೆ ಇದೆ. ಬಿ1 ಬಂದರೆ ಶುರು ಮಾಡಬಹುದು, ಯಾಕಂದ್ರೆ ಹಲಗೆಯ ಮೇಲಿನ ಸಮೀಕರಣ ಅರ್ಧ ಮಾತಾಡುತ್ತದೆ. ಬರವಣಿಗೆಯ ಕೆಲವು ಕ್ರಮ ಬೇರೆ. ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, 3.14 ಅಲ್ಲಿ 3,14. ಭಾಗಾಕಾರದಲ್ಲಿ ಭಾಜಕವನ್ನು ಬಲಗಡೆ ಬರೆಯುತ್ತಾರೆ. ‘ಬಿಯೋನ್’ ಅಂದರೆ ನೂರು ಕೋಟಿ ಅಲ್ಲ, ಲಕ್ಷ ಕೋಟಿ. ಅಲ್ಲಿನ 12ರಿಂದ 16 ವರ್ಷದವರ ಗಣಿತ ಪಠ್ಯಪುಸ್ತಕವೊಂದನ್ನು ಈಗಲೇ ತರಿಸಿಕೊಂಡು ಓದಿ. ವಿಷಯ ಗೊತ್ತಿರುವುದರಿಂದ ಭಾಷೆ ತಾನಾಗಿ ಅರ್ಥವಾಗುತ್ತದೆ. ನಿಮ್ಮ ಮಟ್ಟಿಗೆ ಮಕ್ಕಳ ಕಥೆಗಿಂತ ಇದು ಒಳ್ಳೆಯ ಓದು. ದುಡಿಯುವ ಮೊದಲು ನಿಮ್ಮ ಗುರುತಿನ ಚೀಟಿಯಲ್ಲಿ ‘ಔತೊರಿಸಾ ಅ ತ್ರಬಖಾರ್’, ಅಂದರೆ ಕೆಲಸಕ್ಕೆ ಅನುಮತಿ ಇದೆ ಅಂತ ಬರೆದಿದೆಯಾ ನೋಡಿಕೊಳ್ಳಿ. ಯಜಮಾನರ ವೀಸಾ ಯಾವ ಬಗೆಯದು ಅನ್ನುವುದರ ಮೇಲೆ ಅದು ನಿಂತಿದೆ.

ಪರೀಕ್ಷೆಗಳ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಪೌರತ್ವಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ವಾಸ, ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ ಇನ್‌ಸ್ತಿತುತೊ ಸೆರ್ವಾಂತೆಸ್ ನಡೆಸುವ ದೆಲೆ ಎಂಬ ಸ್ಪ್ಯಾನಿಷ್ ಪರೀಕ್ಷೆಯ ಎ2 ಹಂತ, ಮತ್ತು ದೇಶದ ಬಗ್ಗೆ 25 ಪ್ರಶ್ನೆಗಳ ಇನ್ನೊಂದು ಪರೀಕ್ಷೆ ಬೇಕು, ಅದರಲ್ಲಿ 15 ಸರಿಯಾದರೆ ಪಾಸು. ದೆಲೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ, ಯಾವಾಗ ಬೇಕಾದರೂ ಬರೆದಿಟ್ಟುಕೊಳ್ಳಬಹುದು.

ಹೊರಡುವ ಮೊದಲು ಕಾಗದಪತ್ರದ ಕೆಲಸ ಒಂದು ಮುಗಿಸಿಬಿಡಿ. ನಿಮ್ಮ ಪದವಿ ಪ್ರಮಾಣಪತ್ರಗಳು, ಅಂಕಪಟ್ಟಿಗಳು, ಮದುವೆಯ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ದಾಖಲೆಗಳಿಗೆ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ, ಹಾಕಿಸಿ. ಆಮೇಲೆ ಸ್ಪೇನ್ ಸರ್ಕಾರ ಒಪ್ಪಿದ ಅಧಿಕೃತ ಅನುವಾದಕರಿಂದ, ಅವರಿಗೆ ಅಲ್ಲಿ ತ್ರಾದುಕ್ತೊರ್ ಖುರಾದೊ ಅನ್ನುತ್ತಾರೆ, ಸ್ಪ್ಯಾನಿಷಿಗೆ ಮಾಡಿಸಿ. ಪದವಿಗೆ ಅಲ್ಲಿನ ಮಾನ್ಯತೆ ಸಿಗಲು ತುಂಬ ಕಾಲ ಹಿಡಿಯುತ್ತದೆ, ಅರ್ಜಿಯನ್ನು ಅಲ್ಲಿಗೆ ಹೋದ ಮೊದಲ ವರ್ಷವೇ ಹಾಕಿಬಿಡಿ. ಅಲ್ಲಿ ಹೋದ ಮೇಲೆ ಮುದ್ರೆಗಾಗಿ ಕಾಗದಗಳನ್ನು ಹಿಂದಕ್ಕೆ ಕಳಿಸುವುದು ದುಡ್ಡಿಗೂ ಸಮಯಕ್ಕೂ ದಂಡ.